ಚೊಚ್ಚಲ ಹೆರಿಗೆ: ಜೊತೆಗಿದ್ದವರು ಮಾಡಿದ ಕೆಲಸ

ಹೆರಿಗೆಯ ದಿನಾಂಕವೆಂದು ಚೀಟಿಯಲ್ಲಿ ಬರೆದುಕೊಡುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ ಎಣಿಸಿ ಹಾಕಿದ ಒಂದು ಅಂದಾಜು. ಸರಿಯಾಗಿ ಆ ದಿನವೇ ಹುಟ್ಟುವ ಮಕ್ಕಳು ನೂರಕ್ಕೆ ಐದರ ಆಸುಪಾಸು, ಚೊಚ್ಚಲ ಹೆರಿಗೆಯಂತೂ ಆ ದಿನ ದಾಟುವುದು ತೀರಾ ಸಾಮಾನ್ಯ ಎಂದು ನಮ್ಮ ವೈದ್ಯರು ಮೊದಲೇ ವಿವರಿಸಿದ್ದರಿಂದ, ದಿನಾಂಕ ಕಳೆದಾಗ ನನಗೆ ಗಾಬರಿಯಾಗಲಿಲ್ಲ. ಗಾಬರಿಯೆಲ್ಲ ಬಂಧುಬಳಗದಲ್ಲಿತ್ತು. ಬೆಳಗಾದರೆ ಸಾಕು, "ಇನ್ನೂ ಏನೂ ಆಗಿಲ್ಲವೇ?" ಎಂದು ಒಬ್ಬರಾದ ಮೇಲೊಬ್ಬರು ಕರೆ ಮಾಡುತ್ತಿದ್ದರು, ಏನೂ ಆಗಿಲ್ಲ ಎಂದು ಹೇಳಿ ಹೇಳಿ, ಆಗಬೇಕಾದದ್ದು ಆಗುತ್ತಿಲ್ಲವೇನೋ ಎಂಬ ಅನುಮಾನ ನನ್ನೊಳಗೂ ನುಸುಳತೊಡಗಿತು. ಇದನ್ನು ಗಮನಿಸಿದ ನನ್ನ ಗಂಡ ಒಂದು ದಿನ ನನ್ನ ಫೋನನ್ನು ತಮ್ಮ ಬಳಿ ಇಟ್ಟುಕೊಂಡರು, ಕರೆ ಮಾಡಿದವರಿಗೆಲ್ಲ "ಆದ ಕೂಡಲೇ ನಾವೇ ತಿಳಿಸುತ್ತೇವೆ" ಎಂಬ ಒಂದೇ ಉತ್ತರ ಕೊಡತೊಡಗಿದರು. ಮನೆಯವರ ನೆರವು ಎಂಬುದು ನನ್ನ ಪಾಲಿಗೆ ಶುರುವಾದದ್ದು ಅಲ್ಲಿಂದ.

ಅದಕ್ಕೆ ಸ್ವಲ್ಪ ಮೊದಲು, ಕೊನೆಯ ತಿಂಗಳ ತಪಾಸಣೆಯಲ್ಲಿ ವೈದ್ಯರು "ಹೆರಿಗೆ ಕೋಣೆಯಲ್ಲಿ ನಿಮ್ಮ ಜೊತೆ ಯಾರಿರುತ್ತಾರೆ?" ಎಂದು ಕೇಳಿದ್ದರು. ಒಮ್ಮೆಗೆ ಒಬ್ಬರಿಗೆ ಮಾತ್ರ ಅವಕಾಶ, ಬೇಕಾದರೆ ಸರದಿಯಲ್ಲಿ ಬದಲಾಗಬಹುದು ಎಂಬುದು ಅಲ್ಲಿನ ನಿಯಮ. ಹೆರುವವಳು ತಾನೇ ಆರಿಸಿಕೊಂಡ ಒಬ್ಬರು ಉದ್ದಕ್ಕೂ ಜೊತೆಗಿರುವುದು ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ 2018ರ ತನ್ನ ಶಿಫಾರಸುಗಳಲ್ಲಿ ಹೇಳಿದೆ. ಅದರ ಹಿಂದಿನ ವರ್ಷ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆ ಪ್ರಕಟಿಸಿದ ಸಮೀಕ್ಷೆಯೊಂದು 15,000ಕ್ಕೂ ಹೆಚ್ಚು ಹೆಂಗಸರು ಪಾಲ್ಗೊಂಡಿದ್ದ 26 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ, ಹೀಗೆ ಎಡೆಬಿಡದೆ ಬೆಂಬಲ ಸಿಕ್ಕವರಲ್ಲಿ ಸಹಜ ಹೆರಿಗೆ ಹೆಚ್ಚು, ಸಿಸೇರಿಯನ್ ಕಡಿಮೆ, ಬೇನೆಯ ಅವಧಿಯೂ ತುಸು ಕಡಿಮೆ ಎಂದು ಕಂಡುಕೊಂಡಿತ್ತು. ಇಷ್ಟನ್ನು ಓದಿದ ಮೇಲೂ ನಮಗೆ ಉಳಿದದ್ದು ಒಂದು ಸಾದಾ ಪ್ರಶ್ನೆ: ಜೊತೆಗಿರುವವರು ಅಲ್ಲಿ ಮಾಡಬೇಕಾದದ್ದು ಏನು? ಸುಮ್ಮನೆ ಕೈ ಹಿಡಿದು ನಿಲ್ಲುವುದೇ?

ಎರಡು ಹೆತ್ತ ನನ್ನ ಅಕ್ಕ ಇದಕ್ಕೆ ಉತ್ತರ ಕೊಟ್ಟಳು. ಕೈ ಹಿಡಿಯುವುದು ಎಲ್ಲಕ್ಕಿಂತ ಸುಲಭದ ಕೆಲಸ, ಬೇರೆಯವು ಬಹಳ ಇವೆ ಎಂದು ಅವಳು ಒಂದೊಂದಾಗಿ ಹೇಳುತ್ತ ಹೋದಂತೆ ಕೆಲಸಗಳು ತಾವಾಗಿ ಹಂಚಿಕೆಯಾದವು. ಬೇನೆಯ ಸಮಯ ಬರೆದಿಡುವುದು, ಆಸ್ಪತ್ರೆಯ ಕಾಗದಪತ್ರಗಳು, ಕರೆಗಳು ಇವೆಲ್ಲ ನನ್ನ ಗಂಡನ ಪಾಲು. ಬೇನೆ ಜೋರಾದಾಗ ನನ್ನ ಮೈಯನ್ನು ನೋಡಿಕೊಳ್ಳುವುದು ಅಕ್ಕನದು. ಮನೆಯ ಉಸ್ತುವಾರಿ ಅತ್ತೆಯದು. ಅಮ್ಮನ ವಿಷಯದಲ್ಲಿ ನಾನು ಸಂಕೋಚಪಡುತ್ತಿದ್ದೆ, ಏಕೆಂದರೆ ಅವಳಿಗೇ ಮೊದಲ ಸ್ಥಾನ ಎಂದು ಎಲ್ಲರೂ ಭಾವಿಸಿದ್ದರು. ಆದರೆ ಅವಳೇ ಬಾಯಿ ಬಿಟ್ಟು, "ನೀನು ನೋವು ತಿನ್ನುವುದನ್ನು ನೋಡುತ್ತ ನಿಲ್ಲುವ ಎದೆ ನನಗಿಲ್ಲ ಕಣೇ. ನನ್ನ ಮುಖ ನೋಡಿ ನೀನೇ ಹೆದರುತ್ತೀಯ. ನಾನು ಹೊರಗೆ ಕೂರುತ್ತೇನೆ, ಮಗು ಬಂದ ಮೇಲಿನದ್ದು ನನಗೆ ಬಿಡು" ಎಂದಳು. ತನ್ನಿಂದ ಯಾವುದು ಆಗುವುದಿಲ್ಲ ಎಂದು ಮುಂಚಿತವಾಗಿಯೇ ಹೇಳುವಷ್ಟು ಧೈರ್ಯ ಎಲ್ಲರಿಗೂ ಇರುವುದಿಲ್ಲ, ತಾಯಂದಿರಿಗಂತೂ ಇನ್ನೂ ಕಷ್ಟ.

ಕೆಲವು ವಾರಗಳಿಂದಲೇ ಹೊಟ್ಟೆ ಆಗಾಗ ಕಲ್ಲಿನಂತೆ ಗಟ್ಟಿಯಾಗಿ ಸಡಿಲವಾಗುತ್ತಿತ್ತು. ಅವು ಹುಸಿನೋವುಗಳು; ಎದ್ದು ಓಡಾಡಿದರೆ, ನೀರು ಕುಡಿದು ಮಗ್ಗುಲು ಬದಲಿಸಿ ಮಲಗಿದರೆ ನಿಂತುಹೋಗುತ್ತಿದ್ದವು. ನಿಜವಾದ ಬೇನೆ ಬಂದ ರಾತ್ರಿ ಅದು ಹೊಟ್ಟೆಯಲ್ಲಿ ಕಾಣಿಸಿಕೊಳ್ಳಲೇ ಇಲ್ಲ. ಮುಟ್ಟಿನ ನೋವಿನಂಥ ಒಂದು ಸೆಳೆತ ಸೊಂಟದ ಹಿಂಭಾಗದಲ್ಲಿ ಹುಟ್ಟಿ, ತೊಡೆಗಳವರೆಗೆ ಇಳಿದು, ಮಾಯವಾಗುತ್ತಿತ್ತು. ಬಚ್ಚಲಿಗೆ ಹೋದಾಗ ಲೋಳೆಯ ಜೊತೆ ತುಸು ರಕ್ತದ ಎಳೆಗಳು ಕಂಡವು. ಗರ್ಭಕೋಶದ ಬಾಯಿಯನ್ನು ಒಂಬತ್ತು ತಿಂಗಳು ಮುಚ್ಚಿಟ್ಟಿದ್ದ ಲೋಳೆ ಅದು. ಅದು ಹೋದ ಮಾತ್ರಕ್ಕೆ ಹೆರಿಗೆ ಅಂದೇ ಆಗುತ್ತದೆ ಎಂದೇನಿಲ್ಲ, ಗಂಟೆಗಳೂ ಹಿಡಿಯಬಹುದು, ಕೆಲವು ದಿನಗಳೂ ಹಿಡಿಯಬಹುದು. ಆದರೆ ಓಡಾಡಿದರೆ ಈ ನೋವು ಕಡಿಮೆಯಾಗಲಿಲ್ಲ, ಮಲಗಿದರೂ ಬಿಡಲಿಲ್ಲ. ಆಗ ಮಲಗಿದ್ದ ಗಂಡನನ್ನು ಎಬ್ಬಿಸಿದೆ.

ಅವರು ಪುಸ್ತಕ, ಪೆನ್ನು ಹಿಡಿದು ಕೂತರು. ಒಂದು ಬೇನೆಯ ಆರಂಭದಿಂದ ಮುಂದಿನ ಬೇನೆಯ ಆರಂಭದವರೆಗೆ ಎಣಿಸಬೇಕು, ನಡುವಿನ ಬಿಡುವನ್ನು ಮಾತ್ರ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಐದು ನಿಮಿಷಕ್ಕೊಮ್ಮೆ ಬಂದು, ಒಂದು ನಿಮಿಷ ನಿಂತು, ಒಂದು ಗಂಟೆಯವರೆಗೂ ಹಾಗೆಯೇ ನಡೆದರೆ ಹೊರಡಿ ಎಂದು ಆಸ್ಪತ್ರೆಯವರು ನಮಗೆ ಹೇಳಿದ್ದರು. ನೀರು ಹೋದರೆ, ರಕ್ತ ಹರಿದರೆ ಅಥವಾ ಮಗುವಿನ ಚಲನೆ ಕಡಿಮೆಯಾದರೆ ಮಾತ್ರ ಈ ಲೆಕ್ಕಕ್ಕೆ ಕಾಯದೆ ತಕ್ಷಣ ಬರಬೇಕಿತ್ತು. ಆ ರಾತ್ರಿ ಬೇನೆಗಳು ಹತ್ತು ನಿಮಿಷಕ್ಕೊಮ್ಮೆ, ಏಳು ನಿಮಿಷಕ್ಕೊಮ್ಮೆ, ಮತ್ತೆ ಹನ್ನೆರಡು ನಿಮಿಷಕ್ಕೊಮ್ಮೆ ಹೀಗೆ ಲಂಗುಲಗಾಮಿಲ್ಲದೆ ಬರುತ್ತಿದ್ದವು. ಚೊಚ್ಚಲಲ್ಲಿ ಈ ಮೊದಲ ಹಂತ ಎಷ್ಟು ಹೊತ್ತು ಎಳೆಯುತ್ತದೆ ಎಂಬುದಕ್ಕೆ ಗಡುವೇ ಇಲ್ಲ. ಬೆಳಿಗ್ಗೆ ಬಂದ ಅಕ್ಕ ಪುಸ್ತಕದ ಕಡೆ ನೋಡಲೂ ಇಲ್ಲ. ನನ್ನೊಡನೆ ಏನೇನೋ ಮಾತಾಡುತ್ತ ಕೂತಳು, ಬೇನೆ ಬಂದಾಗ ನಾನು ಮಾತು ಮುಂದುವರಿಸುತ್ತೇನೋ ನಿಲ್ಲಿಸುತ್ತೇನೋ ಎಂದು ಗಮನಿಸಿದಳು, ಬಳಿಕ ಅತ್ತೆಗೆ "ಇನ್ನೂ ಹೊತ್ತಿದೆ, ಇವಳು ಪೂರ್ತಿ ವಾಕ್ಯ ಮುಗಿಸುತ್ತಿದ್ದಾಳೆ" ಎಂದಳು. ಬಿಸಿನೀರಿನ ಸ್ನಾನ ಮಾಡಿಸಿ, ಕತ್ತಲು ಮಾಡಿ ಮಲಗಿಸಿ, ಕೋಣೆಯ ಬಾಗಿಲಲ್ಲಿ ತಾನೇ ಕಾವಲು ಕೂತಳು. ಬೇನೆಗಳ ನಡುವೆ ತೂಕಡಿಸುತ್ತ ಕಳೆದ ಆ ಕೆಲವು ಗಂಟೆಗಳ ನಿದ್ದೆ ಮುಂದೆ ನನಗೆ ಎಷ್ಟು ಬಲ ಕೊಟ್ಟಿತೆಂಬುದನ್ನು ರಾತ್ರಿಯಾದ ಮೇಲೆ ತಿಳಿದೆ.

ನನ್ನ ನೋವೆಲ್ಲ ಬೆನ್ನಿನಲ್ಲಿ ಇದ್ದುದಕ್ಕೆ ಕಾರಣವಿತ್ತು. ಮಗು ತಲೆ ಕೆಳಗಾಗಿಯೇ ಇತ್ತು, ಆದರೆ ಮುಖ ನನ್ನ ಹೊಟ್ಟೆಯ ಕಡೆಗೆ ತಿರುಗಿತ್ತು. ಹಾಗಿದ್ದಾಗ ತಲೆಯ ಹಿಂಭಾಗದ ಗಟ್ಟಿ ಮೂಳೆ ತಾಯಿಯ ಬೆನ್ನುಮೂಳೆಯ ಕೆಳತುದಿಯನ್ನು ಒತ್ತುತ್ತದೆ. ಹೆಚ್ಚಿನ ಮಕ್ಕಳು ಬೇನೆಯ ಹೊತ್ತಿನಲ್ಲಿ ತಾವೇ ತಿರುಗಿಕೊಳ್ಳುತ್ತಾರೆ, ಆದರೆ ತಿರುಗುವವರೆಗೆ ಸೊಂಟ ಬಿರಿಯುವುದು ತಪ್ಪುವುದಿಲ್ಲ. ಅಂಗಾತ ಮಲಗಿದರಂತೂ ಸಹಿಸುವುದೇ ಅಸಾಧ್ಯ. ಮಂಡಿಯೂರಿ, ಕುರ್ಚಿಯ ಮೇಲಿಟ್ಟ ದಿಂಬಿಗೆ ತಲೆಯಾನಿಸಿ ಮುಂದಕ್ಕೆ ಬಾಗಿದಾಗ ಮಾತ್ರ ಉಸಿರಾಡುವಂತಾಗುತ್ತಿತ್ತು. ಅಕ್ಕ ಹಿಂದೆ ಕೂತು, ಸೊಂಟದ ಕೆಳಗೆ ಎರಡು ಗುಳಿಗಳ ನಡುವೆ ಇರುವ ಚಪ್ಪಟೆ ಮೂಳೆಯ ಮೇಲೆ ಅಂಗೈಯ ಬುಡವನ್ನು ಊರಿ, ತನ್ನ ಮೈಭಾರವನ್ನೆಲ್ಲ ಹಾಕಿ ಒತ್ತುತ್ತಿದ್ದಳು. ಸವರುವುದಲ್ಲ, ನೀವುವುದಲ್ಲ, ಒಂದೇ ಜಾಗದಲ್ಲಿ ಅಲುಗದ ಒತ್ತು. ಬೇನೆ ಏರುವ ಮೊದಲೇ ಕೈ ಅಲ್ಲಿರಬೇಕು, ಪೂರ್ತಿ ಇಳಿಯುವವರೆಗೆ ತೆಗೆಯಬಾರದು. ಎರಡು ಕ್ಷಣ ತಡವಾದರೆ ನಾನು ಕಿರುಚುತ್ತಿದ್ದೆ. ಅಕ್ಕನ ಮಣಿಕಟ್ಟು ಸೋತಾಗ ನನ್ನ ಗಂಡ ಆ ಜಾಗವನ್ನು ಅವಳಿಂದಲೇ ತೋರಿಸಿಕೊಂಡು ಕೈಯಿಟ್ಟರು. ಮೊದಮೊದಲು ನೋಯುತ್ತದೇನೋ ಎಂದು ಮೆಲ್ಲಗೆ ಒತ್ತುತ್ತಿದ್ದವರನ್ನು "ಇನ್ನೂ ಜೋರಾಗಿ ರೀ, ಇನ್ನೂ!" ಎಂದು ಗದರಿಸಿ ಗದರಿಸಿ ಪಳಗಿಸಬೇಕಾಯಿತು. ಹೆರಿಗೆಯ ಮೊದಲು ಓದಿದ ಸಲಹೆಗಳಲ್ಲಿ ಅರ್ಧಕ್ಕರ್ಧ ನನ್ನ ತಲೆಯಿಂದ ಹಾರಿಹೋದವು, ಉಪಯೋಗಕ್ಕೆ ಬಂದದ್ದು ಈ ಒತ್ತು.

ಸಂಜೆಯ ಹೊತ್ತಿಗೆ ನನ್ನ ವಾಕ್ಯಗಳು ನಡುವೆಯೇ ಕಡಿದುಹೋಗತೊಡಗಿದವು. ಎದ್ದು ನಿಂತಾಗ ಬೆಚ್ಚಗಿನ ನೀರು ಕಾಲುಗುಂಟ ಇಳಿಯಿತು. ಅತ್ತೆ ತಕ್ಷಣ ಬಿಳಿ ಬಟ್ಟೆ ತಂದು ಅದರ ಬಣ್ಣ ನೋಡಿದರು. ನೀರು ತಿಳಿಯಾಗಿದ್ದರೆ, ಸ್ವಲ್ಪ ಗುಲಾಬಿ ಛಾಯೆಯಿದ್ದರೂ ಆತಂಕವಿಲ್ಲ; ಹಸಿರೋ ಕಂದೋ ಆಗಿದ್ದರೆ ಮಗು ಒಳಗೇ ಮಲ ವಿಸರ್ಜಿಸಿದೆ ಎಂದರ್ಥ, ಅದನ್ನು ವೈದ್ಯರಿಗೆ ಮೊದಲು ತಿಳಿಸಬೇಕು. ನಮ್ಮದು ತಿಳಿಯಾಗಿತ್ತು. ಸಮಯ ಬರೆದುಕೊಂಡು ಹೊರಟೆವು.

ಆಸ್ಪತ್ರೆಯಲ್ಲಿ ಹೊಟ್ಟೆಗೆ ಎರಡು ಪಟ್ಟಿ ಕಟ್ಟಿದರು. ಒಂದು ಮಗುವಿನ ಎದೆಬಡಿತವನ್ನು, ಇನ್ನೊಂದು ಬೇನೆಯ ಏರಿಳಿತವನ್ನು ಕಾಗದದ ಮೇಲೆ ಗೀಚುತ್ತಿತ್ತು. ನಿಮಿಷಕ್ಕೆ 110ರಿಂದ 160ರೊಳಗೆ ಇದ್ದರೆ ಮಗು ಹಾಯಾಗಿದೆ ಎಂದು ಸಿಸ್ಟರ್ ಹೇಳಿದ ಮೇಲೆ ನನ್ನ ಗಂಡನ ಕಣ್ಣು ಆ ಅಂಕಿಯ ಮೇಲಿಂದ ಕದಲಲಿಲ್ಲ. ಒಳಪರೀಕ್ಷೆ ಮಾಡಿದ ವೈದ್ಯರು ಗರ್ಭಕೋಶದ ಬಾಯಿ 4 ಸೆಂಟಿಮೀಟರ್ ತೆರೆದಿದೆ ಎಂದರು. ಇಷ್ಟೆಲ್ಲ ನೋವಿಗೆ ನಾಲ್ಕೇ ಎಂದು ನನ್ನ ಜೀವವೇ ಕುಸಿಯಿತು. ಆಗ ಸರದಿಯಲ್ಲಿ ಒಳಗಿದ್ದ ಅಕ್ಕ, "ಮೊದಲ ನಾಲ್ಕಕ್ಕೇ ಹೊತ್ತು ಹಿಡಿಯುವುದು, ಅದು ನಿನ್ನೆಯಿಂದ ನಡೆದಿದೆ, ನೀನು ಸೊನ್ನೆಯಿಂದ ಶುರು ಮಾಡುತ್ತಿಲ್ಲ" ಎಂದು ಕಿವಿಯಲ್ಲಿ ಹೇಳಿದಳು. ಅವಳ ಮಾತು ಬರೀ ಸಮಾಧಾನವಾಗಿರಲಿಲ್ಲ. ಈಗಿನ ಲೆಕ್ಕದಲ್ಲಿ ಬೇನೆ ನಿಜವಾಗಿ ವೇಗ ಪಡೆಯುವುದು 5 ಸೆಂಟಿಮೀಟರಿನಿಂದ. ಅಲ್ಲಿಂದ 10 ಆಗುವವರೆಗೆ ಚೊಚ್ಚಲಲ್ಲೂ ಸಾಮಾನ್ಯವಾಗಿ 12 ಗಂಟೆ ಮೀರುವುದಿಲ್ಲ.

ನೋವು ತಡೆಯುವ ಎಪಿಡ್ಯೂರಲ್ ಬಗ್ಗೆ ನಾನು ಮೊದಲೇ ತೀರ್ಮಾನ ಮಾಡಿರಲಿಲ್ಲ, ಬೇಕೆನಿಸಿದಾಗ ನೋಡೋಣ ಎಂದುಕೊಂಡಿದ್ದೆ. ಆರು ಸೆಂಟಿಮೀಟರಿನ ಹೊತ್ತಿಗೆ ಬೇಕೆನಿಸಿತು. ಬೆನ್ನು ನೋವು ಬೇನೆಗಳ ನಡುವೆಯೂ ಬಿಡುವು ಕೊಡುತ್ತಿರಲಿಲ್ಲ, ಮೈ ನಡುಗುತ್ತಿತ್ತು. ಆದರೂ ಬಾಯಿಬಿಟ್ಟು ಕೇಳಲು ಹಿಂಜರಿದೆ. ಅತ್ತೆ ಏನೆಂದುಕೊಳ್ಳುತ್ತಾರೋ, ಮೂವರನ್ನು ಮನೆಯಲ್ಲೇ ಹೆತ್ತವರು ಅವರು. ನನ್ನ ಗಂಡ ಹೊರಗೆ ಹೋಗಿ ವಿಷಯ ತಿಳಿಸಿದಾಗ ಅವರು ಅಂದದ್ದು ಇಷ್ಟಂತೆ: "ನಮ್ಮ ಕಾಲಕ್ಕೆ ಇದು ಇರಲಿಲ್ಲ. ಇದ್ದಿದ್ದರೆ ಬೇಡ ಅನ್ನುವಷ್ಟು ದಡ್ಡಿ ನಾನಾಗಿರಲಿಲ್ಲ. ಹಾಕಿಸಿಕೊಳ್ಳಲಿ." ಬೆನ್ನನ್ನು ಬಿಲ್ಲಿನಂತೆ ಬಾಗಿಸಿ, ಅಲುಗಾಡದೆ ಕೂರಬೇಕು, ಬೇನೆಯ ನಡುವೆ ಅಲುಗದಿರುವುದೇ ಅದರಲ್ಲಿ ಕಠಿಣವಾದ ಭಾಗ. ತೆಳ್ಳಗಿನ ನಳಿಕೆಯೊಂದನ್ನು ಬೆನ್ನಿನಲ್ಲಿ ಇಳಿಸಿ ಔಷಧ ಬಿಟ್ಟ ಮೇಲೆ ಸುಮಾರು ಇಪ್ಪತ್ತು ನಿಮಿಷದಲ್ಲಿ ನೋವು ಮಸುಕಾಯಿತು, ಒತ್ತಡ ಮಾತ್ರ ಉಳಿಯಿತು. ರಕ್ತದೊತ್ತಡ ಇಳಿಯಬಹುದಾದ್ದರಿಂದ ಪದೇ ಪದೇ ನೋಡುತ್ತಿದ್ದರು, ಮೂತ್ರಕ್ಕೆ ನಳಿಕೆ ಹಾಕಿದರು. ಇದರಿಂದ ಸಿಸೇರಿಯನ್ ಆಗುವ ಸಾಧ್ಯತೆ ಹೆಚ್ಚುವುದಿಲ್ಲ, ಮುಕ್ಕುವ ಹಂತ ಮಾತ್ರ ಸ್ವಲ್ಪ ಉದ್ದವಾಗಬಹುದು ಎಂದು ಅರಿವಳಿಕೆ ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದರು. ನಾನು ನಿದ್ದೆ ಹೋದೆ. ಸಿಸ್ಟರ್ ಆಗಾಗ ಬಂದು ನನ್ನನ್ನು ಒಂದು ಮಗ್ಗುಲಿಂದ ಇನ್ನೊಂದಕ್ಕೆ ಹೊರಳಿಸಿ, ಮಂಡಿಗಳ ನಡುವೆ ದಿಂಬು ಇಟ್ಟು ಹೋಗುತ್ತಿದ್ದರು. ಅಷ್ಟರಲ್ಲಿ ಮಗು ತಿರುಗಿಕೊಂಡಿತ್ತು.

ಪೂರ್ತಿ ಹತ್ತು ತೆರೆದ ಕೂಡಲೇ ಮುಕ್ಕಲು ಹೇಳುತ್ತಾರೆ ಎಂದು ನಾನು ತಿಳಿದಿದ್ದೆ. ಹಾಗೆ ಹೇಳಲಿಲ್ಲ, ತಲೆ ಇನ್ನಷ್ಟು ಕೆಳಗಿಳಿಯಲಿ, ಮಲವಿಸರ್ಜನೆಗೆ ಆತುರವಾದಂಥ ಒತ್ತಡ ತಾನಾಗಿ ಬರಲಿ ಎಂದು ಕಾಯಿಸಿದರು. ಆ ಒತ್ತಡ ಬಂದಾಗ ಯಾರೂ ಹೇಳಬೇಕಾಗಲಿಲ್ಲ, ಮೈಯೇ ಮುಕ್ಕತೊಡಗಿತು. ಈ ಹಂತಕ್ಕೆ ಒಳಗಿದ್ದವರು ನನ್ನ ಗಂಡ. ಗದ್ದವನ್ನು ಎದೆಗೆ ಒತ್ತಿ, ಉಸಿರನ್ನು ಕೂಗಾಗಿ ವ್ಯರ್ಥ ಮಾಡದೆ ಕೆಳಕ್ಕೆ ಬಿಡಬೇಕು. "ಮುಕ್ಕಮ್ಮಾ, ಮುಕ್ಕು, ಬಿಡಬೇಡ" ಎಂದು ಸಿಸ್ಟರ್ ಒಂದು ಕಡೆಯಿಂದ ಹುರಿದುಂಬಿಸುತ್ತಿದ್ದರೆ ಇವರು ಇನ್ನೊಂದು ಕಡೆ ನನ್ನ ಕಾಲನ್ನು ಹಿಡಿದು ನಿಂತಿದ್ದರು. ಪ್ರತಿ ಬೇನೆಗೂ ತಲೆ ಕಾಣಿಸಿ ಮತ್ತೆ ಹಿಂದೆ ಸರಿಯುತ್ತಿತ್ತು. ಎರಡು ಹೆಜ್ಜೆ ಮುಂದೆ ಬಂದು ಒಂದು ಹೆಜ್ಜೆ ಹಿಂದೆ ಹೋಗುವುದೇ ಅದರ ರೀತಿ, ಹಾಗೆ ನಿಧಾನವಾದಷ್ಟೂ ಚರ್ಮ ಹಿಗ್ಗಲು ಅವಕಾಶವಾಗುತ್ತದೆ ಎಂದು ವೈದ್ಯರು ಹೇಳುತ್ತ, ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಒತ್ತಿ ಹಿಡಿದಿದ್ದರು. ನಡುವೆ ಒಮ್ಮೆ ನಾನು "ನನ್ನಿಂದಾಗುವುದಿಲ್ಲ" ಎಂದಾಗ, ಆಗುತ್ತದೆ ಆಗುತ್ತದೆ ಎಂದು ಹೇಳುವ ಬದಲು ನನ್ನ ಗಂಡ ನನ್ನ ಕೈಯನ್ನು ತೆಗೆದುಕೊಂಡು ಕೆಳಗೆ ಇರಿಸಿದರು. ಬೆರಳಿಗೆ ಸುಕ್ಕುಗಟ್ಟಿದ, ಒದ್ದೆಯಾದ, ಕೂದಲಿದ್ದ ನೆತ್ತಿ ತಾಗಿತು. ಹಾಗೆ ಮಾಡಲು ಹೇಳಿಕೊಟ್ಟವರು ಸಿಸ್ಟರ್ ಎಂದು ಆಮೇಲೆ ತಿಳಿಯಿತು. ಯಾರು ಹೇಳಿಕೊಟ್ಟರೇನು, ಅದರ ನಂತರ ನಾನು ಆ ಮಾತನ್ನು ಮತ್ತೆ ಆಡಲಿಲ್ಲ.

ತಲೆ ದಾಟುವಾಗ ಎಪಿಡ್ಯೂರಲ್ ಇದ್ದರೂ ಉರಿ ತಿಳಿಯಿತು. ಆಗ ಮುಕ್ಕುವುದನ್ನು ನಿಲ್ಲಿಸಿ, ಬಾಯಿ ತೆರೆದು ಚಿಕ್ಕ ಚಿಕ್ಕ ಉಸಿರು ಬಿಡಲು ಹೇಳಿದರು. ತಲೆ ಹೊರಬಂದು ಪಕ್ಕಕ್ಕೆ ತಿರುಗಿತು, ಒಂದು ಹೆಗಲು, ಇನ್ನೊಂದು ಹೆಗಲು, ಉಳಿದದ್ದೆಲ್ಲ ಒಮ್ಮೆಲೇ ಜಾರಿತು. ನೀಲಿ ಬೂದು ಬಣ್ಣದ, ಬಿಳಿ ಮೇಣ ಮೆತ್ತಿದ ಮಗುವನ್ನು ನನ್ನ ಬರಿ ಎದೆಯ ಮೇಲೆ ಮಲಗಿಸಿ ಒರೆಸಿದರು. ಅತ್ತ ನಂತರ ಎದೆಯಿಂದ ಶುರುವಾಗಿ ಮೈಯೆಲ್ಲ ಕೆಂಪೇರಿತು. ಅಂಗೈ ಅಂಗಾಲುಗಳ ನೀಲಿ ಹೋಗಲು ಮಾತ್ರ ಇನ್ನೂ ಹೊತ್ತು ಹಿಡಿಯಿತು. ತಲೆ ಉದ್ದಕ್ಕೆ ಎಳೆದಂತಿತ್ತು, ಕೆಲವು ದಿನಗಳಲ್ಲಿ ಅದು ದುಂಡಗಾಗುತ್ತದೆ. ಹೊಕ್ಕುಳಬಳ್ಳಿಯನ್ನು ಕೂಡಲೇ ಕತ್ತರಿಸಲಿಲ್ಲ. ಒಂದು ನಿಮಿಷವಾದರೂ ತಡೆದರೆ ಮಾಸಿನಲ್ಲಿ ಉಳಿದ ರಕ್ತ ಮಗುವಿಗೆ ಸೇರಿ ಮುಂದಿನ ತಿಂಗಳುಗಳಿಗೆ ಕಬ್ಬಿಣದ ದಾಸ್ತಾನು ಆಗುತ್ತದೆ. ಮಿಡಿತ ನಿಂತ ಮೇಲೆ ಕತ್ತರಿಯನ್ನು ನನ್ನ ಗಂಡನ ಕೈಗೆ ಕೊಟ್ಟರು. ಅವರು ಕತ್ತರಿಸಿದರು, ಕೈ ನಡುಗುತ್ತಿತ್ತು ಎಂದು ಅವರೇ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದಾರೆ. ಹುಟ್ಟಿದ ಒಂದನೇ ಮತ್ತು ಐದನೇ ನಿಮಿಷದಲ್ಲಿ ಮೈಬಣ್ಣ, ಎದೆಬಡಿತ, ಪ್ರತಿಕ್ರಿಯೆ, ಸ್ನಾಯುಗಳ ಬಿಗಿ, ಉಸಿರಾಟ ಈ ಐದಕ್ಕೆ ಹತ್ತರಲ್ಲಿ ಅಂಕ ಕೊಡುವ ಕ್ರಮವನ್ನು ವರ್ಜೀನಿಯಾ ಎಪ್ಗಾರ್ ಎಂಬ ಅಮೆರಿಕದ ಅರಿವಳಿಕೆ ತಜ್ಞೆ 1952ರಲ್ಲಿ ರೂಪಿಸಿದರು. ನನ್ನ ಮಗಳ ಅಂಕಗಳನ್ನು ಅವಳು ನನ್ನ ಎದೆಯ ಮೇಲಿದ್ದಂತೆಯೇ ಎಣಿಸಿ ಬರೆದರು.

ಇಲ್ಲಿಗೆ ಎಲ್ಲ ಮುಗಿಯಿತೆಂದು ಕೇಳುಗರು ಸಾಮಾನ್ಯವಾಗಿ ಭಾವಿಸುತ್ತಾರೆ. ಮಾಸು ಬರುವುದು ಬಾಕಿಯಿತ್ತು. ರಕ್ತಸ್ರಾವ ತಡೆಯಲು ತೊಡೆಗೆ ಆಕ್ಸಿಟೋಸಿನ್ ಚುಚ್ಚಿದರು, ಅರ್ಧ ಗಂಟೆಯೊಳಗೆ ಮಾಸು ಬಂತು, ತುಣುಕು ಒಳಗೆ ಉಳಿದಿಲ್ಲವೆಂದು ಅದನ್ನು ಹರಡಿ ನೋಡಿದರು. ಚರ್ಮ ಹರಿದಲ್ಲಿ ಕೆಲವು ಹೊಲಿಗೆ ಬಿದ್ದವು. ಹೊಟ್ಟೆಯನ್ನು ಆಗಾಗ ಒತ್ತಿ ಗರ್ಭಕೋಶ ಗಟ್ಟಿಯಾಗುತ್ತಿದೆಯೇ ಎಂದು ನೋಡುತ್ತಿದ್ದರು. ಆ ಒತ್ತು ನನಗೆ ಹೊಲಿಗೆಗಿಂತ ಹೆಚ್ಚು ನೋವಾಯಿತು, ಯಾರೂ ಮೊದಲೇ ಹೇಳಿರಲಿಲ್ಲ.

ನನ್ನ ಗಂಡ ಹೊರಗೆ ಹೋದ ಮೇಲೆ ಅಮ್ಮ ಒಳಗೆ ಬಂದಳು. ಮಗುವಿಗಿಂತ ಮೊದಲು ನನ್ನ ಹಣೆ ಮುಟ್ಟಿ ನೋಡಿದಳು. ಹುಟ್ಟಿದ ಒಂದು ಗಂಟೆಯೊಳಗೆ ಹಾಲುಣಿಸಲು ಶುರು ಮಾಡಬೇಕಿತ್ತು. ತನ್ನ ಪಾಲಿನ ಕೆಲಸ ಈಗ ಬಂತೆಂಬಂತೆ ಅಮ್ಮ ಸೆರಗು ಸಿಕ್ಕಿಸಿಕೊಂಡಳು. ತೊಟ್ಟನ್ನು ಮಗುವಿನ ಬಾಯಿಗೆ ತುರುಕುವ ಬದಲು, ಮೂಗಿನ ಬಳಿ ಸವರಿ, ಬಾಯಿ ಅಗಲವಾಗಿ ತೆರೆದ ಕ್ಷಣ ಮಗುವನ್ನೇ ಎದೆಗೆ ತರಬೇಕು, ತೊಟ್ಟಷ್ಟೇ ಸಾಲದು, ಸುತ್ತಲಿನ ಕಪ್ಪು ಭಾಗದ ಬಹುಪಾಲು ಬಾಯೊಳಗಿರಬೇಕು ಎಂದು ಸಿಸ್ಟರ್ ಹೇಳಿದರು. ಅಮ್ಮ ಮಗುವಿನ ಬೆನ್ನಿಗೆ ಕೈಕೊಟ್ಟು ಹಾಗೆಯೇ ಹಿಡಿಸಿದಳು. ಮೊದಲ ಹಳದಿ ಹಾಲು ಕೆಲವೇ ಹನಿ. ಇಷ್ಟೇ ಸಾಕೇ ಎಂಬ ನನ್ನ ಚಿಂತೆಗೆ ಅಮ್ಮ ಉತ್ತರಿಸಲಿಲ್ಲ, ಸಿಸ್ಟರ್ ಉತ್ತರಿಸಿದರು: ಮೊದಲ ದಿನ ಮಗುವಿನ ಹೊಟ್ಟೆಗೆ ಹಿಡಿಸುವುದೇ ಅಷ್ಟು.

ಮೂರನೆಯ ದಿನ ಹಾಲು ತುಂಬಿ ಎದೆ ಕಲ್ಲಾಯಿತು. ಅದೇ ದಿನ ಕಾರಣವಿಲ್ಲದೆ ಅಳು ಬಂತು, ಟವೆಲ್ ಮಡಿಸುವುದನ್ನು ನೋಡಿಯೂ ಕಣ್ಣೀರಿಟ್ಟೆ. ಹೆತ್ತ ಮೇಲೆ ಹಾರ್ಮೋನುಗಳು ಒಮ್ಮೆಲೇ ಇಳಿಯುವುದರಿಂದ ಬಹುಮಂದಿ ಬಾಣಂತಿಯರಿಗೆ ಹೀಗಾಗುತ್ತದೆ, ಎರಡು ವಾರದೊಳಗೆ ತಾನಾಗಿ ತಿಳಿಯಾಗಬೇಕು, ಆಗದೆ ಮುಂದುವರಿದರೆ ಅದನ್ನು ಮನಸ್ಸಿನ ದೌರ್ಬಲ್ಯ ಎಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸಬೇಕು ಎಂದು ಬಿಡುಗಡೆಯ ಹೊತ್ತಿನಲ್ಲಿ ಹೇಳಿದ್ದನ್ನು ನನ್ನ ಗಂಡ ಬರೆದಿಟ್ಟುಕೊಂಡಿದ್ದರು. ನನಗೆ ಕೆಲವೇ ದಿನಗಳಲ್ಲಿ ಅದು ಹೋಯಿತು. ಆ ದಿನಗಳಲ್ಲಿ ಮಗು ನೋಡಲು ಬರುವವರನ್ನು ಅತ್ತೆ ಹೊರಗಿನ ಕೋಣೆಯಲ್ಲೇ ಕೂರಿಸಿ, ಕೈ ತೊಳೆಸಿ, ಒಬ್ಬೊಬ್ಬರನ್ನೇ ಒಳಗೆ ಬಿಟ್ಟು, ಹತ್ತು ನಿಮಿಷಕ್ಕೆ "ಇವಳು ಮಲಗಬೇಕು" ಎಂದು ನಯವಾಗಿ ಎಬ್ಬಿಸುತ್ತಿದ್ದರು. ನಾನೇ ಹೇಳಿದ್ದರೆ ಬಿರುಸು ಎನಿಸುತ್ತಿದ್ದ ಆ ಮಾತು ಹಿರಿಯರಾದ ಅವರ ಬಾಯಲ್ಲಿ ಯಾರಿಗೂ ನೋವಾಗಲಿಲ್ಲ.

ರಾತ್ರಿಯನ್ನು ಸರದಿಯಲ್ಲಿ ಹಂಚಿಕೊಂಡಿದ್ದೆವು. ಹಾಲು ಕೊಡುವುದು ನನ್ನಿಂದ ಮಾತ್ರ ಸಾಧ್ಯ. ತೇಗು ತರಿಸುವುದು, ಬಟ್ಟೆ ಬದಲಿಸುವುದು, ಮತ್ತೆ ಮಲಗಿಸುವುದು ಯಾರಿಂದಲೂ ಸಾಧ್ಯ. ನಡುರಾತ್ರಿಯವರೆಗೆ ಅಕ್ಕ ಅಥವಾ ಅಮ್ಮ, ಆಮೇಲೆ ನನ್ನ ಗಂಡ. ಮೊದಲ ದಿನಗಳಲ್ಲಿ ಮಗುವಿನ ತೂಕ ಹುಟ್ಟಿದಾಗಿನದಕ್ಕಿಂತ ಇಳಿಯುತ್ತದೆ, ನೂರಕ್ಕೆ ಏಳೆಂಟರಷ್ಟು ಇಳಿದರೂ ಸಹಜ, ಎರಡು ವಾರದ ಹೊತ್ತಿಗೆ ಮತ್ತೆ ಮೊದಲಿನಷ್ಟಾಗಬೇಕು. ಅಲ್ಲಿಯವರೆಗೆ ಎರಡು ಮೂರು ಗಂಟೆಗೊಮ್ಮೆ ಎಬ್ಬಿಸಿಯಾದರೂ ಹಾಲು ಕೊಡಿ ಎಂದಿದ್ದರು. ತೂಕ ನೋಡಿಸಲು ಹೋದ ದಿನ ಮಗಳು ಹುಟ್ಟಿದ ತೂಕವನ್ನು ದಾಟಿದ್ದಳು. ಇನ್ನು ಎಬ್ಬಿಸಬೇಕಿಲ್ಲ, ಅವಳಾಗಿ ಎದ್ದಾಗ ಕೊಟ್ಟರೆ ಸಾಕು ಎಂದು ವೈದ್ಯರು ಹೇಳಿದ ಮೇಲೆ ಅಲಾರಂ ಇಡುವುದನ್ನು ಬಿಟ್ಟೆವು. ಮಕ್ಕಳನ್ನು ಬಿಟ್ಟು ಬಂದಿದ್ದ ಅಕ್ಕ ಅದರ ಮರುದಿನ ತನ್ನ ಮನೆಗೆ ಹೊರಟಳು, ಅವಳ ಸರದಿಯನ್ನು ಅತ್ತೆ ವಹಿಸಿಕೊಂಡರು.